ವರದಿಯಲ್ಲಿ ಇಲ್ಲದ ದೊಡ್ಡಮ್ಮ

ರಾಜ್ಯಶಾಸ್ತ್ರದ ಮಕ್ಕಳು ಬರೆದುಕೊಟ್ಟ ಗ್ರಾಮಸಭೆಯ ವರದಿಗಳನ್ನು ತಿದ್ದುತ್ತ ಕೂತಿದ್ದೆ. ಒಬ್ಬ ಶಂಕರನಾರಾಯಣದವನು, ಒಬ್ಬಳು ಬ್ರಹ್ಮಾವರದವಳು. ಊರು ಬೇರೆ, ಕೊನೆಯ ಸಾಲು ಮಾತ್ರ ಒಂದೇ: ‘ಜನರ ಸಹಭಾಗಿತ್ವ ತೃಪ್ತಿಕರವಾಗಿತ್ತು.’ ಬೈದು ಬರೆಯೋಣವೆಂದು ಕೆಂಪು ಪೆನ್ನು ಎತ್ತಿದವಳ ಕೈ ಅಲ್ಲೇ ನಿಂತಿತು. ಆ ಸಾಲನ್ನು ನಾನೂ ಬರೆದಿದ್ದೇನೆ ಮಾರಾಯ್ರೆ.

ನಾನು ಬಿ.ಎ.ಗೆ ರಾಜ್ಯಶಾಸ್ತ್ರ ತೆಗೆದುಕೊಂಡಾಗ, ಇದನ್ನು ಓದಿ ಎಲೆಕ್ಷನ್ನಿಗೆ ನಿಲ್ಲುತ್ತೀಯಾ ಎಂದು ನಮ್ಮೂರು ಹೆಮ್ಮಾಡಿಯಲ್ಲಿ ಕೇಳದವರಿಲ್ಲ. ಕುಂದಾಪುರದ ಬಸ್ಸಿನ ಕಂಡಕ್ಟರನೂ ಮಂತ್ರಿಗಳಿಗೆ ಸೀಟು ಬಿಡಿ ಎಂದು ಛೇಡಿಸುತ್ತಿದ್ದ. ನಗದೇ ಇದ್ದವಳು ದೊಡ್ಡಮ್ಮ ಒಬ್ಬಳೇ. ಅಮ್ಮನ ಅಕ್ಕ. ಇನ್ನೂ ನಾಲ್ವರು ಹೆಂಗಸರ ಜೊತೆ ರಸ್ತೆಬದಿಯ ಬಿಸಿಲಲ್ಲಿ ಕೂತು ಮೀನು ಮಾರುತ್ತಿದ್ದಳು. ಮಧ್ಯಾಹ್ನ ಆಗುವುದರೊಳಗೆ ಬಂಗುಡೆಯ ಕಣ್ಣು ಮಸುಕಾಗಿ, ಗಿರಾಕಿಗಳು ಮೂಗು ಮುರಿಯುತ್ತಿದ್ದರು.

ಗ್ರಾಮಸಭೆಗೆ ಹೋಗಿ ವರದಿ ಬರೆಯಿರಿ ಎಂದು ಮೇಷ್ಟ್ರು ಹೇಳಿದ ದಿನ, ಅಲ್ಲಿ ಒಂದು ಮಾಡು ಕೇಳಬಹುದಾ ಎಂದು ದೊಡ್ಡಮ್ಮ ವಿಚಾರಿಸಿದಳು. ಮಾಡು ಎಂದರೆ ತಲೆಯ ಮೇಲೊಂದು ಸೂರು. ನಾನು ಕಾನೂನೆಲ್ಲ ವಿವರಿಸಿ, ನಾನೇ ಎದ್ದು ಕೇಳುತ್ತೇನೆ ಎಂದು ಮಾತು ಕೊಟ್ಟೆ.

ಸಭೆಯ ದಿನ ಐವರೂ ವ್ಯಾಪಾರ ಬಿಟ್ಟು ಬಂದರು. ಮೀನಿನ ವಾಸನೆ ಯಾರಿಗೂ ತೊಂದರೆಯಾಗಬಾರದೆಂದು ಬಾಗಿಲ ಹತ್ತಿರ ಹಿಂದಿನ ಸಾಲಿನಲ್ಲಿ ಕೂತರು. ನಾನು ಮುಂದೆ, ನೋಟ್‌ಬುಕ್ ಹಿಡಿದು. ಬೇರೆ ವಿಷಯ ಇದೆಯಾ ಎಂದು ಅಧ್ಯಕ್ಷರು ಕೇಳಿದರು. ವಿಧಿಗಳ ನಂಬರು ಸಾಲಾಗಿ ನೆನಪಿತ್ತು, ಕಾಲು ಏಳಲಿಲ್ಲ. ನನ್ನದು ಬರೀ ಪುಸ್ತಕದ ಬದನೆಕಾಯಿ ಎಂದು ಅವತ್ತು ಗೊತ್ತಾಯಿತು. ಎರಡನೆಯ ಸಲ ಕೇಳಿದಾಗ ತಲೆ ತಗ್ಗಿಸಿ ಏನೋ ಬರೆಯುವವಳಂತೆ ನಟಿಸಿದೆ.

ಹಿಂದಿನಿಂದ ದೊಡ್ಡಮ್ಮನ ಸ್ವರ ಬಂತು. “ನಂಗೆ ಸಭೆಯಂಗೆ ಮಾತಾಡುಕ್ ಬತ್ತಿಲ್ಲೆ. ಬಿಸ್ಲಿಗೆ ಮೀನ್ ಹಾಳಾತ್ತ್. ಆ ಮೀನ್ ತಿಂಬುದ್ ನೀವೇ ಅಲ್ದಾ? ಒಂದ್ ಮಾಡ್ ಹಾಕ್ಸಿ ಕೊಡಿ.”

ಕೆಲವರು ನಕ್ಕರು. ಅವಳು ಕೂರಲಿಲ್ಲ, ಆಮೇಲೆ ಯಾರೂ ನಗಲಿಲ್ಲ. ಬರೆದುಕೊಂಡೆವು ಎಂದು ಅಧ್ಯಕ್ಷರು ಹೇಳುವ ತನಕ ನಿಂತೇ ಇದ್ದಳು.

ನನ್ನ ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಉದ್ದೇಶ, ಹಾಜರಾತಿ, ನಿರ್ಣಯ ಎಲ್ಲ ಇತ್ತು, ದೊಡ್ಡಮ್ಮ ಇರಲಿಲ್ಲ. ಅವಳನ್ನು ಬರೆದರೆ ನಾನು ಸುಮ್ಮನೆ ಕೂತಿದ್ದನ್ನೂ ಬರೆಯಬೇಕಿತ್ತಲ್ಲ. “ನಾ ಮಾತಾಡಿದ್ದ್ ಬರ್ದ್ಯಾ?” ಎಂದು ಒಮ್ಮೆ ಕೇಳಿದಳು. ಹೂಂ ಎಂದೆ. ಎರಡು ಮಳೆಗಾಲ ಕಳೆದ ಮೇಲೆ ತಗಡಿನ ಮಾಡು ಬಂತು. ಅದರ ಕೆಳಗೆ ಮೀನು ಕೊಳ್ಳುವಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ವರದಿಗಳನ್ನು ಹಾಗೇ ಬಿಟ್ಟು ಇವತ್ತು ಬೆಳಿಗ್ಗೆ ಅಲ್ಲಿಗೆ ಹೋದೆ. ಜೊತೆಯವರಲ್ಲಿ ಇಬ್ಬರು ಈಗಿಲ್ಲ. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಮೀನಿಗೆ ಐಸು ಹಾಕುತ್ತಿದ್ದಳು. ಅವತ್ತು ನಿನ್ನ ವಿಷಯ ಬರೆದಿರಲಿಲ್ಲ, ಸುಳ್ಳು ಹೇಳಿದ್ದೆ ಎಂದೆ.

“ಗೊತ್ತಿದ್ದಿತ್ ಹೆಣ್ಣೇ,” ಎಂದಳು, ಕೈ ನಿಲ್ಲಿಸದೆ. “ಬರ್ದಿದ್ರೆ ಓದಿ ಹೇಳ್ತಿದ್ದೆ ನೀನ್.”

ಚೀಲದಲ್ಲಿ ಆ ಕೆಂಪು ಪೆನ್ನು ಇತ್ತು. ಈಗ ಬರೆಯಲಾ ಎಂದು ಕೇಳಿದೆ. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಈಗಿಲ್ಲದ ಇಬ್ಬರ ಹೆಸರನ್ನು ಮೊದಲು ಹೇಳಿದಳು. ತನ್ನದನ್ನು ಕೊನೆಗೆ.