ಮೂಲೆ ಟೇಬಲಿನ ತೀರ್ಮಾನ

ದಹಿಸರ್ ಸ್ಟೇಷನ್ ಹತ್ತಿರದ ನಮ್ಮ ಹೋಟೆಲಿನ ಮೂಲೆ ಟೇಬಲಿಗೆ ಸಂಜೆ ಹೊತ್ತು ಗಿರಾಕಿಗಳನ್ನು ಕೂರಿಸುತ್ತಿರಲಿಲ್ಲ. ಅದು ಅಪ್ಪ ಮತ್ತು ಅವರ ಇಬ್ಬರು ಗೆಳೆಯರ ಜಾಗ. ಒಬ್ಬರು ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬರು ನಮ್ಮ ಉಡುಪಿ ಕಡೆಯವರೇ, ಮದುವೆ ಮುಂಜಿಗೆ ಕೇಟರಿಂಗ್ ಮಾಡುವವರು. ಮೂವರಿಗೂ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿದವಳು ನನ್ನ ತಂಗಿ. ಅವಳು ಬೊರಿವಲಿಯ ಕಾಲೇಜಿನ ಪರ ಆಡತೊಡಗಿದ ಮೇಲೆ ಇವರು ಒಂದು ಮ್ಯಾಚನ್ನೂ ತಪ್ಪಿಸಿದವರಲ್ಲ.

ಅಂತರ ಕಾಲೇಜು ಕಪ್ ವರ್ಷವರ್ಷವೂ ಬಾಂದ್ರಾದ ಒಂದೇ ಕಾಲೇಜಿಗೆ ಹೋಗುತ್ತಿತ್ತು. ಇದು ಆಟಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದೇ ಇವರ ದಿನನಿತ್ಯದ ವಾಗ್ವಾದ. ಖಾಲಿ ಲೋಟಗಳನ್ನು ಆಟಗಾರ್ತಿಯರ ಹಾಗೆ ನಿಲ್ಲಿಸಿಕೊಂಡು, ಸೋತ ಮ್ಯಾಚನ್ನು ಟೇಬಲ್ ಮೇಲೆ ಮತ್ತೆ ಆಡಿ ಗೆಲ್ಲುತ್ತಿದ್ದರು. ಸಕ್ಕರೆ ಡಬ್ಬಿಯ ಪಕ್ಕದ ಸಣ್ಣ ಲೋಟ ಯಾವಾಗಲೂ ನನ್ನ ತಂಗಿ.

"ಅವರು ಗೆಲ್ಲದೆ ಇನ್ನೇನಪ್ಪ? ಬೆಂಚಿನಲ್ಲಿ ಫಿಸಿಯೋನೇ ಕೂತಿರ್ತಾರೆ. ನಮ್ಮ ಮಕ್ಕಳಿಗೆ ಏನಿದೆ, ಒಂದು ಐಸ್ ಚೀಲ!" ಎಂದು ಬ್ಯಾಂಕಿನ ಮಾಮ ದಿನಾ ಹೇಳುತ್ತಿದ್ದರು. ಈ ಮಾತಿನಲ್ಲಿ ಮಾತ್ರ ಮೂವರಿಗೂ ಒಮ್ಮತ.

ಆ ವರ್ಷದ ಸೆಮಿಫೈನಲ್‌ನಲ್ಲಿ ಬಾಂದ್ರಾದವರ ಎದುರು ಆಡುವಾಗ ತಂಗಿ ಚೆಂಡಿಗೆ ಹಾರಿದಳು. ಇಳಿಯುವಾಗ ಮೊಣಕಾಲು ಒಳಕ್ಕೆ ತಿರುಚಿಕೊಂಡಿತು. ಅವಳ ಕೂಗು ಗ್ಯಾಲರಿಯವರೆಗೂ ಕೇಳಿಸಿತು. ನಾನು ಕೆಳಗೆ ಓಡುವಷ್ಟರಲ್ಲಿ ಬಾಂದ್ರಾದವರ ಫಿಸಿಯೋ ಅವಳ ಪಕ್ಕದಲ್ಲಿ ಕೂತಿದ್ದರು. ಮುಟ್ಟಿ ನೋಡಿ, ಒಳಗೆ ಏನೋ ಹರಿದಿರಬಹುದು, ಕಾಲು ಊರಿಸಬೇಡಿ, ನಾಳೆಯೇ ಸ್ಕ್ಯಾನ್ ಮಾಡಿಸಿ ಎಂದರು. ತಮ್ಮ ಫೋನ್ ನಂಬರನ್ನೂ ಕೊಟ್ಟರು.

ಅವತ್ತು ಸಂಜೆ ಮೂಲೆ ಟೇಬಲಿನಲ್ಲಿ ಚರ್ಚೆಗೆ ಬಂದದ್ದು ತಂಗಿಯ ಮೊಣಕಾಲು.

"ಎಂತ ಮಾರಾಯ್ರೆ, ಅವರು ನಮ್ಮ ಹುಡುಗಿಗೆ ಒಳ್ಳೇದು ಹೇಳ್ತಾರಾ?" ಎಂದರು ಕೇಟರಿಂಗ್ ಮಾಮ. "ಸ್ಕ್ಯಾನ್ ಅಂದ್ರೆ ಆಪರೇಷನ್ ಅಂತಾರೆ. ಆಪರೇಷನ್ ಅಂದ್ರೆ ಮುಂದಿನ ವರ್ಷದ ಆಟ ಹೋಯ್ತು. ಅವರಿಗೆ ಬೇಕಾದ್ದೂ ಅದೇ ಅಲ್ವಾ?"

ಬ್ಯಾಂಕಿನ ಮಾಮ ತಲೆಯಾಡಿಸಿದರು. "ಅದೂ ನಿಜಾನೇ ಕಣಯ್ಯ. ಇವಳೊಬ್ಬಳನ್ನ ಕೂರಿಸಿಬಿಟ್ರೆ ಅವರಿಗೆ ಎದುರೇ ಇಲ್ಲ."

ನಾನು ಜಗಳಕ್ಕೇ ನಿಂತೆ. ಮುಂದಿನದು ತಂಗಿಯ ಕೊನೆಯ ವರ್ಷ, ಆಡಬೇಕಾದರೆ ಮೊದಲು ಕಾಲು ಸರಿಯಾಗಬೇಡವೇ ಎಂದೆ. ಅಪ್ಪ ನನ್ನ ಮುಖ ನೋಡದೆ, "ನೀನು ಸುಮ್ನಿರು ಮಗಾ, ನಿಂಗೆ ಆಟದ ರಾಜಕೀಯ ಗೊತ್ತಿಲ್ಲ" ಎಂದರು. ಮರುದಿನ ಕೇಟರಿಂಗ್ ಮಾಮನೇ ರಿಕ್ಷಾ ತಂದು, ಉಳುಕು ತೆಗೆಯುವ ಊರಿನವರೊಬ್ಬರ ಹತ್ತಿರ ತಂಗಿಯನ್ನು ಕರೆದುಕೊಂಡು ಹೋದರು. ಎಣ್ಣೆ ತಿಕ್ಕಿ ಸೊಪ್ಪಿನ ಪಟ್ಟು ಕಟ್ಟಿಸಿಕೊಂಡು ಬಂದಳು.

ಬಾವು ಇಳಿಯಿತು. ಮೂಲೆ ಟೇಬಲಿನಲ್ಲಿ ಎಲ್ಲರಿಗೂ ಶೀರಾ ಹಂಚಿದರು. ತಂಗಿ ಪ್ರಾಕ್ಟೀಸಿಗೆ ಹೊರಟಳು. ಕೆಲವು ವಾರ ಕಳೆಯುವುದರೊಳಗೆ, ಯಾರೂ ಮುಟ್ಟದೆಯೇ, ಓಡುತ್ತಿದ್ದವಳ ಕಾಲು ಮಡಚಿಕೊಂಡಿತು. ಆಮೇಲೆ ಸ್ಕ್ಯಾನ್ ಆಯಿತು, ಆಪರೇಷನ್ನೂ ಆಯಿತು. ಮೊದಲು ಹರಿದದ್ದನ್ನು ಸರಿಪಡಿಸಬಹುದಿತ್ತು, ಅದರ ಮೇಲೆ ಆಡಿ ಉಳಿದದ್ದನ್ನೂ ಕೆಡಿಸಿಕೊಂಡಿದ್ದಾಳೆ ಎಂದರು ಡಾಕ್ಟರು. ನಡೆಯಬಹುದು, ಹಾರುವ ಆಟ ಇನ್ನು ಬೇಡ ಎಂದರು. ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತುಬಿಟ್ಟರು. ನನಗೆ ಕನಿಕರವಾಗಲಿಲ್ಲ, ಮೈಯೆಲ್ಲ ಉರಿಯಿತು. ಆ ಸಿಟ್ಟು ಈಗಲೂ ಇಳಿದಿಲ್ಲ.

ಈ ವರ್ಷ ಕಪ್ ಮತ್ತೆ ಬಾಂದ್ರಾದವರಿಗೇ ಹೋಯಿತು. ಆಫೀಸಿನಿಂದ ಲೋಕಲ್ ರೈಲು ಹಿಡಿದು ಬಂದು ಹೋಟೆಲಿಗೆ ಕಾಲಿಡುವಾಗ ಮೂಲೆ ಟೇಬಲಿನಲ್ಲಿ ಲೋಟಗಳು ನಿಂತಿದ್ದವು. ತಂಗಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತಿದ್ದಳು. ಈಗ ಸಂಜೆ ಅವಳಿಗೆ ಅದೇ ಕೆಲಸ.

"ಎಷ್ಟು ಬೈದ್ರೂ ಅವರನ್ನ ಮೆಚ್ಚಬೇಕಪ್ಪ," ಎನ್ನುತ್ತಿದ್ದರು ಬ್ಯಾಂಕಿನ ಮಾಮ. "ಆಟಗಾರರಿಗೆ ಏನಾದ್ರೂ ಆದ್ರೆ ತಕ್ಷಣ ನೋಡೋರು ಇದಾರೆ. ಅಲ್ಲೇ ಗೆದ್ದುಬಿಡ್ತಾರೆ."

ತಂಗಿ ಗಲ್ಲೆಯಿಂದ ಎದ್ದು, ಬಲಗಾಲು ಎಳೆದುಕೊಂಡು ಟೇಬಲಿನ ಹತ್ತಿರ ಬಂದಳು.

"ಮುಝೇ ಭೀ ದೇಖಾ ಥಾ ನಾ ಉನ್ಹೋಂನೆ, ಮಾಮಾ," ಎಂದಳು. "ನನ್ನನ್ನೂ ನೋಡಿದ್ರು, ತಕ್ಷಣ. ನೀವೇ... ನೀವೇ ಬೇಡ ಅಂದದ್ದು."

ಅಪ್ಪ ಅಡುಗೆಮನೆಯ ಕಡೆ ತಿರುಗಿ, ಬೇಕಿಲ್ಲದಿದ್ದರೂ, ಕಾಫಿ ತರಲು ಕೂಗಿದರು. ತಂಗಿ ಲೋಟಗಳನ್ನು ಒಂದರೊಳಗೊಂದು ಇಟ್ಟು, ಸಕ್ಕರೆ ಡಬ್ಬಿಯ ಪಕ್ಕದ ಸಣ್ಣದನ್ನೂ ಸೇರಿಸಿ, ತೊಳೆಯಲು ಒಳಗೆ ತೆಗೆದುಕೊಂಡು ಹೋದಳು.