ಇಂದುಬಾಯಿ ಬಳಿದ ಕೆಂಪು ಬಣ್ಣ

ತಾಂಬಾದ ಇಂದುಬಾಯಿಗೆ ಸ್ವಚ್ಛತೆಯ ಹುಚ್ಚು. ಯಂಕಂಚಿಯಿಂದ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆಯ ಹಿತ್ತಾಳೆ ಕೊಡಗಳನ್ನು ತಳದವರೆಗೆ ಉಜ್ಜಿ, ಬಾಗಿಲ ಚಿಲಕದ ಸಂದಿಯನ್ನೂ ಬಿಡದೆ ಒರೆಸಿದವಳು. ಇಂಥವಳ ಕೈಗೆ ಮಾವ ಎಂಬತ್ತೆರಡನೇ ಇಸವಿಯಲ್ಲಿ ಕೊಂಡ ಟ್ರ್ಯಾಕ್ಟರ್ ಸಿಕ್ಕಿತು. ನಲವತ್ತು ವರ್ಷ ದಾಟಿದ ಆ ಯಂತ್ರ ಮದುಮಗನಂತೆ ಹೊಳೆಯುತ್ತಿತ್ತು. ಹೊಳೆಯುತ್ತಿತ್ತು, ಅಷ್ಟೇ. ಕೀಲಿ ತಿರುವಿದರೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು.

ಮಾರುತಿ ಗುಡಿಯ ಹತ್ತಿರದ ದಿನ್ನೆಯ ಮೇಲೆ ನಿಲ್ಲಿಸಿ, ಇಳಿಜಾರಿಗೆ ಬಿಟ್ಟು, ಅರ್ಧ ದಾರಿಯಲ್ಲಿ ಗೇರಿಗೆ ಹಾಕಿದರೆ ಮಾತ್ರ ಹೊಗೆಯುಗುಳಿ ಎದ್ದೇಳುತ್ತಿತ್ತು. ಎರಡು ವರ್ಷದಿಂದ ಇದೇ ಪಾಡು. ಎರಡು ವರ್ಷದ ಹಿಂದೆಯೇ ಗಂಡ ಶ್ರೀಶೈಲಪ್ಪನಿಗೆ ಲಕ್ವಾ ಹೊಡೆದು ಎಡಗಾಲು ಕ್ಲಚ್ ತುಳಿಯಲಾರದಾಯಿತು. ಇಂದುಬಾಯಿ ಸ್ಟೇರಿಂಗ್ ಹಿಡಿಯಲು ಕಲಿತಳು. ಊರವರು ಎರಡಕ್ಕೂ ಗಂಟು ಹಾಕಿದರು. "ಗಾಡಿ ಅಣ್ಣಾರ ಕೈಗೆ ಹೊಂದೇತಿ, ಹೆಣ್ಮಕ್ಕಳ ಮಾತು ಕೇಳಂಗಿಲ್ಲ" ಎಂದರು. ಆಕೆ ಎದುರಿಗೆ ನಕ್ಕಳು. ಹೊಸ ಬ್ಯಾಟರಿ ಹಾಕಿಸಿದಳು, ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ಬಿಚ್ಚಿಸಿ ಇಂಡಿ ಪಟ್ಟಣಕ್ಕೆ ಕಳಿಸಿ ರಿಪೇರಿ ಮಾಡಿಸಿದಳು. ಏನೂ ಆಗದಿದ್ದಾಗ ಒಳಗೊಳಗೆ ಆಕೆಯೂ ಊರವರ ಮಾತನ್ನೇ ನಂಬಿದಳು. ನಂಬಿದ್ದೇ ದೊಡ್ಡ ದುಃಖ.

ಈ ವರ್ಷ ಹಸ್ತಾ ಮಳೆ ಚೆನ್ನಾಗಿ ಹೊಡೆಯಿತು. ಕರಿನೆಲ ಬಿಳಿಜೋಳಕ್ಕೆ ಹದಕ್ಕೆ ಬಂದು ನಿಂತಿತು. ಆ ಹದ ಯಾರಿಗೂ ಕಾಯುವುದಿಲ್ಲ, ನಾಲ್ಕು ದಿನ ಬಿಸಿಲು ಬಿದ್ದರೆ ಮುಗಿಯಿತು. ಆಗಲೇ ನಳದ ಪೈಪಿಗೆಂದು ದಿನ್ನೆಯನ್ನು ಅಡ್ಡಡ್ಡ ಅಗೆದುಬಿಟ್ಟಿದ್ದರು. ಟ್ರ್ಯಾಕ್ಟರ್ ಅಂಗಳದ ಸಪಾಟು ನೆಲದಲ್ಲಿ ಸಿಕ್ಕಿಬಿತ್ತು. ತಳ್ಳುವ ಗಂಡಸರೆಲ್ಲ ಅವರವರ ಹೊಲದಲ್ಲಿದ್ದರು.

ಮೈದುನ ಕಲ್ಮೇಶ ಬಂದು ಕಟ್ಟೆಯ ಮೇಲೆ ಕೂತ.

"ವೈನಿ, ಎಷ್ಟಂತ ಒದ್ದಾಡ್ತೀರಿ? ಹೊಲಾ ಲಾವಣಿಗೆ ಹಾಕ್ರಿ. ಝಳಕಿಯವ್ರೊಬ್ರು ಕೇಳಾಕತ್ತಾರ. ನಾಳಿ ಮಧ್ಯಾಹ್ನ ಕರ್ಕೊಂಡು ಬರ್ತೇನಿ, ಹೂಂ ಅಂದ್ರ ಅವ್ರ ಬಿತ್ತಕೊಂತಾರ."

ಕಲ್ಮೇಶ ಕೆಟ್ಟವನಲ್ಲ. ಎರಡು ವರ್ಷ ತನ್ನ ಬಿತ್ತನೆ ಬಿಟ್ಟು ಬಂದು ಈ ಗಾಡಿಗೆ ಹೆಗಲು ಕೊಟ್ಟವನು. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕಳಿಸಬಹುದಿತ್ತು. ಲಾವಣಿ ಎಂದರೆ ಹೊಲ ಬೇರೆಯವರ ಕೈಗೆ, ತಾವು ಬದುವಿನ ಮೇಲೆ ನಿಂತು ನೋಡುವವರು. ಇಂದುಬಾಯಿ ಗಂಡನ ಮುಖ ನೋಡಿದಳು. ಶ್ರೀಶೈಲಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈಯಲ್ಲೇ, ಗಾಡಿಯ ರಿಪೇರಿ ನೋಡುತ್ತಿದ್ದ ಜೈನುದ್ದೀನ ಮಿಸ್ತ್ರಿಗೆ ಫೋನ್ ಹಚ್ಚಿದಳು. ಮಿಸ್ತ್ರಿ ಸೋಲಾಪುರದಲ್ಲಿ ಮಗಳ ಮನೆಯಲ್ಲಿದ್ದ, ಬರಲು ಮೂರು ದಿನ ಬೇಕು ಎಂದ.

"ಮೂರು ದಿನಕ್ಕ ಹದಾ ಹೋಕ್ಕೈತ್ರಿ. ನಾನ ನೋಡ್ತೇನಿ, ಏನ ನೋಡ್ಲಿ ಹೇಳ್ರಿ."

ಮಿಸ್ತ್ರಿ ಒಂದೊಂದಾಗಿ ಹೇಳಿದ. "ಅಕ್ಕಾರ, ಗೇರು ತಗದು ನ್ಯೂಟ್ರಲ್ ಮಾಡ್ರಿ. ಇಂಜಿನ್ ಬಂದ್ ಮಾಡೂ ಹಿಡಿಕಿ ಎಳದ್ ಹಿಡದು, ಹತ್ತು ಎಣಸೂತನಾ ಸೆಲ್ಫ್ ಹೊಡೀರಿ. ಆಮ್ಯಾಲ ಇಳದು ದಪ್ಪ ವಾಯರ್ ಎಲ್ಲೆಲ್ಲಿ ಕೂಡ್ಯಾವೋ ಅಲ್ಲೆಲ್ಲಾ ಮುಟ್ಟಿ ನೋಡ್ರಿ. ಎಲ್ಲಿ ಸುಡತೈತಿ, ಅಲ್ಲೇ ರೋಗ ಐತಿ."

ಶ್ರೀಶೈಲಪ್ಪ ಕಟ್ಟೆಯ ಮೇಲಿಂದ ಗಟ್ಟಿಯಾಗಿ ಎಣಿಸಿದ. ಗಾಡಿ ನರಳಿತು. ಹತ್ತಾದ ಮೇಲೆ ಆಕೆ ಇಳಿದು ಮುಟ್ಟುತ್ತ ಹೋದಳು. ಬ್ಯಾಟರಿಯ ಎರಡೂ ತಲೆ ತಣ್ಣಗಿದ್ದವು. ಸೆಲ್ಫಿನ ವಾಯರೂ ತಣ್ಣಗಿತ್ತು. ಬ್ಯಾಟರಿಯಿಂದ ಗಾಡಿಯ ಮೈಗೆ ಇಳಿದ ಅರ್ಥಿಂಗ್ ವಾಯರಿನ ಬೋಲ್ಟ್ ಮುಟ್ಟಿದ್ದೇ ಚುರುಕ್ಕೆಂದು ಕೈ ಹಿಂದೆ ಬಂತು.

ಪಾನಾ ಹಾಕಿ ಬಿಚ್ಚಿದಳು. ವಾಯರಿನ ಕೆಳಗೆ ಕಬ್ಬಿಣ ಕಾಣಲಿಲ್ಲ, ಕೆಂಪು ಬಣ್ಣ ಕಂಡಿತು. ಒಂದು ಗೀರೂ ಇಲ್ಲದೆ ಅಂಗೈಯಗಲ ಮಿರಮಿರ ಮಿಂಚುತ್ತಿತ್ತು. ಬಣ್ಣ ದಾಟಿ ಕರೆಂಟು ಸಲೀಸಾಗಿ ಹರಿಯುವುದು ಹೇಗೆ?

ಪ್ರತಿ ವರ್ಷ ದಸರೆಯ ಖಂಡೆಪೂಜೆಗೆ ಶ್ರೀಶೈಲಪ್ಪ ಗಾಡಿಗೆ ಮೇಲ್ಮೇಲಷ್ಟೇ ಬಣ್ಣ ಬಳಿಯುತ್ತಿದ್ದ. ಆತ ಹಾಸಿಗೆ ಹಿಡಿದ ವರ್ಷ ಆ ಕೆಲಸ ಈಕೆಯ ಪಾಲಿಗೆ ಬಂತು. ಈಕೆಯ ಕೈ ಮೇಲ್ಮೇಲೆ ಬಳಿದು ಬಿಡುತ್ತದೆಯೇ? ಒಂದೊಂದೇ ವಾಯರ್ ಬಿಚ್ಚಿ, ಅಡಿಯಲ್ಲೂ ಎರಡೆರಡು ಸಲ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದಿದ್ದಳು. ಗಂಡನಂತೂ ನೆಲ ಹಿಡಿದ, ಗಾಡಿಯಾದರೂ ನೆಟ್ಟಗೆ ಕಾಣಲಿ ಎಂದು ಅಳುತ್ತಲೇ ಬಳಿದಿದ್ದಳು.

ಮತ್ತೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಮಿಸ್ತ್ರಿ ನಿಟ್ಟುಸಿರು ಬಿಟ್ಟ. "ತಪ್ಪು ನಿಮ್ದೊಂದ ಅಲ್ರಿ. ಮ್ಯಾಲೆ ಅಷ್ಟು ಚಂದ ಇತ್ತಂತ ನಾನೂ ಬಿಚ್ಚಿ ನೋಡ್ಲಿಲ್ಲ. ಪಾಲಿಶ್ ಪೇಪರ್ ತಗೊಂಡು ಬೆಳ್ಳಗ ಕಬ್ಬಿಣ ಕಾಣೂತನಾ ತಿಕ್ಕರಿ."

ಉಜ್ಜುವುದನ್ನು ಇಂದುಬಾಯಿಗೆ ಯಾರೂ ಹೇಳಿಕೊಡಬೇಕಿಲ್ಲ. ತಿಕ್ಕಿದಳು, ಬಿಗಿದಳು, ಹತ್ತಿ ಕೂತು ಕೀಲಿ ತಿರುವಿದಳು. ಗಾಡಿ ನಿಂತಲ್ಲೇ ಗುಡುಗಿತು. ಮಾಡಿನ ಮೇಲಿನ ಪಾರಿವಾಳಗಳು ಬೆಚ್ಚಿ ಹಾರಿದವು.

ಬೋಲ್ಟ್ ಸಡಿಲಾಗಿತ್ತು ಎಂದು ಗಂಡನಿಗೆ ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ನಾಲಿಗೆ ಹೊರಳಲಿಲ್ಲ. ಇಂಜಿನ್ ಆರಿಸಿ, ಇಳಿದು ಬಂದು ಮುಂದೆ ನಿಂತಳು.

"ಎಲ್ಲಾ ನನ್ನಿಂದ ಆಗೇತ್ರಿ. ಆ ವರ್ಷ ವಾಯರಿನ ಬುಡಕ್ಕೂ ಬಣ್ಣ ಹೊಡದಿದ್ದೆ."

ಶ್ರೀಶೈಲಪ್ಪ ಬೈಯಲಿಲ್ಲ. ಒಂದು ಕಡೆ ವಾಲಿದ ಬಾಯಲ್ಲಿ ಮೊದಲು ನಕ್ಕ, ಆಮೇಲೆ ನೆಲ ನೋಡುತ್ತ ಹೇಳಿದ: "ನಂದೂ ಒಂದು ತಪ್ಪೈತಿ. ನಿನ್ನ ಕೈಗೆ ಅದು ಏಳವಲ್ದು ಅಂದಾಗೆಲ್ಲಾ ನನಗ ಒಳಗ ಸಮಾಧಾನ ಆಗತಿತ್ತು. ನಾ ಇಲ್ದ ನಡ್ಯಂಗಿಲ್ಲ ಅನ್ನೂದು ಅದೊಂದ ಉಳದಿತ್ತು. ಅದಕ್ಕ ನಿನ್ನೆ ಲಾವಣಿ ಬ್ಯಾಡ ಅಂತ ಬಾಯಿ ಬಿಡಲಿಲ್ಲ."

ಇಂದುಬಾಯಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ಆಗ ಹೊತ್ತಿರಲಿಲ್ಲ. ಕಲ್ಮೇಶನನ್ನು ಕರೆಸಿದಳು. ಆತ ಬಂದು, ಗಾಡಿ ಸಪಾಟು ನೆಲದಲ್ಲಿ ಎದ್ದದ್ದನ್ನು ಕಣ್ಣಾರೆ ಕಂಡು, ಝಳಕಿಯವರಿಗೆ ತಾನೇ ಫೋನ್ ಮಾಡಿ ಬರಬೇಡಿ ಎಂದ.

ಬಿತ್ತುವ ಕೂರಿಗೆ ಹಿಂದೆ ಕಟ್ಟಿಯಾಯಿತು. ಆಕೆ ಕಲ್ಮೇಶನ ನೆರವಿನಿಂದ ಗಂಡನನ್ನು ಎತ್ತಿ ಗಾಲಿಯ ಮೇಲಿನ ಮಡಗಾರ್ಡಿನಲ್ಲಿ ಕೂರಿಸಿ, ಸೊಂಟಕ್ಕೆ ಪಂಜೆ ಸುತ್ತಿ ಬಿಗಿದಳು. ಹೊಲದ ಮೊದಲ ಸಾಲಿನಲ್ಲಿ ಇಂದುಬಾಯಿ ಸಾಲು ಸೊಟ್ಟಾಯಿತೇನೋ, ಬೀಜ ಬೀಳುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದಳು.

ಶ್ರೀಶೈಲಪ್ಪ ಆಕೆಯ ಹೆಗಲು ತಟ್ಟಿದ.

"ಬೀಜಾ ನಾ ನೋಡತೇನಿ. ನೀ ಮುಂದ ನೋಡಿ ಹೊಡಿ."