ಲಾರಿಯವನಿಗೆ ಯಾರ ವಾಚು ನಿಧಾನ?

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಪುವಿನಿಂದ ಉಡುಪಿಗೆ ಬಿ.ಎಸ್ಸಿ. ಓದಲು ಹೋಗುತ್ತಿದ್ದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಪ್ರತಿ ನಿಲ್ದಾಣದಲ್ಲೂ ಟೈಮಿಂಗ್ ಇತ್ತು. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸು ಜನರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಹಾಗೆ ಓಡಿದ ಒಂದು ಬೆಳಿಗ್ಗೆ, ಕಟಪಾಡಿ ದಾಟಿದ ಮೇಲೆ, ನಮ್ಮ ಬಸ್ಸು ಇನ್ನೊಂದನ್ನು ಹಿಂದಿಕ್ಕಲು ಹೋದಾಗ ಎದುರಿನಿಂದ ಹೆಂಚಿನ ಲಾರಿ ಬಂತು. ಡ್ರೈವರ್ ಬಸ್ಸನ್ನು ಗದ್ದೆಗೆ ಇಳಿಸಿದ. ಯಾರೂ ಸಾಯಲಿಲ್ಲ. ಆದರೆ ಆ ಲಾರಿ ನನ್ನತ್ತ ಬಂದದ್ದು ಬಹಳ ನಿಧಾನವಾಗಿ. ಅದರ ಮುಂದೆ ಕಟ್ಟಿದ್ದ ಹೂಮಾಲೆ ಬಾಡಿದ್ದನ್ನೂ ನೋಡುವಷ್ಟು ಸಮಯ ಸಿಕ್ಕಿತ್ತು. ಈಗಲೂ ಕಣ್ಣು ಮುಚ್ಚಿದರೆ ಹಾಗೆಯೇ ಬರುತ್ತದೆ.

ಆಮೇಲೆ ನನಗೆ ಬಸ್ಸು ಹತ್ತಲಾಗಲಿಲ್ಲ. ನಿಲ್ದಾಣದವರೆಗೆ ಹೋಗಿ ಮನೆಗೆ ಮರಳುತ್ತಿದ್ದೆ. ಕೊನೆಯ ವರ್ಷ; ಪ್ರಾಕ್ಟಿಕಲ್ ಪರೀಕ್ಷೆ ತಪ್ಪಿದರೆ ಡಿಗ್ರಿಯೇ ನಿಲ್ಲುತ್ತಿತ್ತು.

ಒಂದು ದಿನ ನಮ್ಮ ಭೌತಶಾಸ್ತ್ರದ ಲೆಕ್ಚರರ್ ನನ್ನನ್ನು ಹುಡುಕಿಕೊಂಡು ನಿಲ್ದಾಣಕ್ಕೆ ಬಂದರು. ಗದ್ದೆಗೆ ಇಳಿದ ದಿನ ಅವರೂ ಅದೇ ಬಸ್ಸಿನಲ್ಲಿದ್ದವರು. ಮಣಿಕಟ್ಟಿಗೆ ಇನ್ನೂ ಬ್ಯಾಂಡೇಜು ಇತ್ತು. ಲಾರಿ ನಿಧಾನವಾಗಿ ಬಂದ ಸಂಗತಿ ಹೇಳಿ, ವೇಗ ಹೆಚ್ಚಿದರೆ ಕಾಲ ಹಿಗ್ಗುತ್ತದೆಂದು ನೀವೇ ಕಲಿಸಿದ್ದಲ್ಲವೇ ಎಂದು ಕೇಳಿದೆ.

“ಅದು ಸಾಪೇಕ್ಷತೆ ಅಲ್ಲ ಮಾರಾಯ, ಹೆದರಿಕೆ. ಹತ್ತು, ಉಳಿದದ್ದು ಒಳಗೆ ಹೇಳ್ತೇನೆ.”

ಅವರೇ ತೋಳು ಹಿಡಿದು ಹತ್ತಿಸಿದರು. ಚಲಿಸುವವನಿಗೆ ತನ್ನ ಗಡಿಯಾರ ಎಂದೂ ನಿಧಾನವೆನಿಸುವುದಿಲ್ಲ, ಹೊರಗೆ ನಿಂತವನು ಅಳೆದಾಗ ಮಾತ್ರ ಅದು ನಿಧಾನ ಎಂದು ವಿವರಿಸಿದರು. ಬೆಳಕಿನ ವೇಗದ ಹತ್ತಿರ ಆ ವ್ಯತ್ಯಾಸ ದೊಡ್ಡದು. ಬಸ್ಸಿನ ವೇಗದಲ್ಲಿ ಯಾವ ವಾಚಿಗೂ ಕಾಣದಷ್ಟು ಸಣ್ಣದು. ಈ ಬಸ್ಸಿನವರು ಎಷ್ಟು ಜೋರಾಗಿ ಓಡಿಸಿದರೂ ಅಷ್ಟೇ ಎಂದು ನಕ್ಕರು.

ಟಿಕೆಟು ಹರಿಯುತ್ತಿದ್ದ ಕಂಡಕ್ಟರ್ ಬಿಡಲಿಲ್ಲ. “ನಿಮ್ಮ ವಾಚಿಗೆ ಕಾಣದಿದ್ರೆ ಬೇಡ ಸರ್, ಹಿಂದಿನ ಬಸ್ಸಿನವನಿಗೆ ಕಾಣ್ತದೆ.”

ಕಟಪಾಡಿ ದಾಟಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಸರಿಯಾಗಿ ಆಗಲೇ ಅವರು ಪ್ರಶ್ನೆ ಹಾಕಿದರು.

“ಎದುರು ಬರುವ ಲಾರಿಯವನು ಅಳೆದರೆ ಯಾರ ವಾಚು ನಿಧಾನ?”

“ನಮ್ಮದು, ಸರ್.”

“ನಾವು ಅಳೆದರೆ?”

ಯೋಚಿಸಬೇಕಾಯಿತು. ಇಬ್ಬರೂ ತಮ್ಮ ತಮ್ಮ ವೇಗ ಬದಲಿಸದೆ ನೇರವಾಗಿ ಹೋಗುತ್ತಿರುವವರೆಗೆ, ತಾನು ನಿಂತಿದ್ದೇನೆ, ಚಲಿಸುತ್ತಿರುವವನು ಅವನೇ ಎಂದು ಇಬ್ಬರೂ ಹೇಳಬಹುದು. “ಅವನದು,” ಎಂದು ಕಣ್ಣು ಬಿಟ್ಟಾಗ ಆ ಗದ್ದೆ ಹಿಂದೆ ಉಳಿದಿತ್ತು.

ಉಡುಪಿಯಲ್ಲಿ ಅವರ ಹಿಂದೆಯೇ ಇಳಿದೆ. ಬೆಳಗಿನ ತಂಪಿನಲ್ಲೂ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಮರುದಿನವೂ ಅವರು ನನಗಿಂತ ಮೊದಲೇ ಕಾಪುವಿನ ನಿಲ್ದಾಣದಲ್ಲಿ ನಿಂತಿದ್ದರು.